ಥಂಡಿ ಮಳೆಯಲ್ಲಿ ಸೈಕಲ್: ಎಂಥ ಗ್ಲೌಸ್ ತಗೋಬೇಕು?

ಕಲಬುರಗಿ ಅಂದ್ರೆ ಬಿಸಿಲೂರು, ಇಲ್ಲಿ ಕೈಗೆ ಗ್ಲೌಸ್ ಯಾಕ್ರೀ ಅಂತ ನೀವು ನಗಬಹುದು. ಆದರೆ ಡಿಸೆಂಬರ್ ನಸುಕಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಸೈಕಲ್ ಮೇಲೆ ಪೇಪರ್ ಹಾಕೋ ಹುಡುಗರನ್ನ, ಹಾಲು ಮಾರೋರನ್ನ ಕೇಳಿ ನೋಡ್ರಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ತೊಗರಿ ಕಾಯಿ ಕಟ್ಟೋ ಹೊತ್ತಿಗೇ ಇಲ್ಲೂ ಜಿಟಿಜಿಟಿ ಮಳೆ ಹಿಡಿಯುತ್ತದೆ. ಆಗ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿಯೋಕೆ ಆಗಲ್ಲ. ಭಯ ಇರೋದು ಅದರದ್ದೇ.

ನಾವು ಮಾಡೋ ತಪ್ಪೇನು? ದಪ್ಪ ಉಣ್ಣೆ ಗ್ಲೌಸ್ ಇದ್ರೆ ಸಾಕು ಅಂದುಕೊಳ್ಳೋದು. ಅದು ಒಣ ಚಳಿಗೆ ಸರಿ. ಆದರೆ ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಮಳೆ ಬಿದ್ದರೆ ನೀರು ಹೀರುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಹತ್ತಿ ಬಟ್ಟೆಯದ್ದಂತೂ ಇನ್ನೂ ಕಷ್ಟ, ಒದ್ದೆಯಾದರೆ ಬೇಗ ಒಣಗಲ್ಲ.

ಹಾಗಾದ್ರೆ ಏನು ಮಾಡಬೇಕು? ಎರಡು ಪದರ. ಒಳಗೆ ತೆಳು ಉಣ್ಣೆ ಅಥವಾ ಬೇಗ ಒಣಗೋ ಪಾಲಿಯೆಸ್ಟರ್, ಹೊರಗೆ ಗಾಳಿ, ನೀರು ತಡೆಯೋದು. ರೇನ್‌ಕೋಟ್ ಬಟ್ಟೆಯಂಥ ಗ್ಲೌಸ್ ಸಿಕ್ಕರೆ ಒಳ್ಳೇದು. ದುಡ್ಡು ಸಾಲದಿದ್ರೆ, ಪಾತ್ರೆ ತೊಳೆಯೋ ರಬ್ಬರ್ ಗ್ಲೌಸನ್ನೇ ಒಂದು ಸೈಜ್ ದೊಡ್ಡದು ತಂದು ಮೇಲೆ ಹಾಕ್ಕೊಳ್ಳಿ. ಒಳಗೆ ಬೆವರುತ್ತದೆ, ನಿಜ. ಅರ್ಧ ಗಂಟೆ ದಾರಿಗೆ ನಡೆಯುತ್ತದೆ.

ಅಂಗಡಿಯಲ್ಲಿ ಮೂರು ಸಂಗತಿ ನೋಡಿ. ಒಂದು, ಬಿಗಿ ಇರಬಾರದು, ಬಿಗಿಯಾದರೆ ರಕ್ತ ಓಡಾಡಲ್ಲ, ಚಳಿ ಇನ್ನೂ ಜಾಸ್ತಿ. ಎರಡು, ಅಂಗೈಯಲ್ಲಿ ತರಿತರಿ ಹಿಡಿತ ಇರಬೇಕು, ಒದ್ದೆ ಹ್ಯಾಂಡಲ್ ಜಾರಬಾರದು. ಮೂರು, ಮಣಿಕಟ್ಟು ಉದ್ದ ಇರಬೇಕು. ರೇನ್‌ಕೋಟಿನ ತೋಳು ಗ್ಲೌಸಿನ ಮೇಲೆ ಬರಲಿ, ಇಲ್ಲದಿದ್ರೆ ತೋಳಿನಿಂದ ಇಳಿದ ನೀರು ಸೀದಾ ಒಳಗೆ.

ಕೊಳ್ಳೋ ಮುಂಚೆ ಗ್ಲೌಸ್ ಹಾಕ್ಕೊಂಡು ನಿಮ್ಮ ಸೈಕಲ್ಲಿನ ಬ್ರೇಕ್ ಹತ್ತು ಸಲ ಒತ್ತಿ ನೋಡಿ, ಬೆಲ್ಲೂ ಬಾರಿಸಿ. ಬೆರಳು ತಡವರಿಸಿದರೆ ಎಷ್ಟೇ ಬೆಚ್ಚಗಿದ್ದರೂ ಅದು ಬೇಡ.

ಇನ್ನೊಂದು ಮಾತು. 2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಅಂಥ ಸೈಕಲ್‌ಗಳು ಇವತ್ತೂ ಎಷ್ಟೋ ಮನೆಯಲ್ಲಿ ಓಡ್ತಿವೆ. ಅವುಗಳ ಬ್ರೇಕ್ ಗಾಲಿಯ ರಿಮ್ಮನ್ನೇ ಹಿಡಿಯುತ್ತದೆ. ರಿಮ್ ಒದ್ದೆಯಾದರೆ ನಿಲ್ಲೋಕೆ ಹೆಚ್ಚು ದೂರ ಬೇಕು. ಕೈ ಬೆಚ್ಚಗಿದ್ದರೂ ಮಳೆಯಲ್ಲಿ ಬ್ರೇಕ್ ಮುಂಚೆಯೇ ಹಿಡೀರಿ, ಮಕ್ಕಳಿಗೂ ಹೇಳ್ರಿ. ಮತ್ತೆ ಸಿಗೋಣ.