ಇಂಜಿನ್ನಿನ ಆಯಿಲ್ ಚೇಂಬರು ಸೋರುತ್ತಿದೆಯೇ?



ಬೆಳಗ್ಗೆ ಎದ್ದು ನೋಡಿದರೆ, ಅಂಗಳದಲ್ಲಿ ನಿಲ್ಲಿಸಿದ ಜೀಪಿನ ಅಡಿಯಲ್ಲಿ ಅಂಗೈಯಗಲದ ಕಪ್ಪು ಕಲೆ ಕಾಣುತ್ತದೆ. ಅದರ ಮೇಲೆ ಒಂದಿಷ್ಟು ಮಣ್ಣು ಎಳೆದು ಕೆಲಸಕ್ಕೆ ಹೊರಡುತ್ತೀರಿ. ಮರುದಿನವೂ ಅದೇ ಜಾಗದಲ್ಲಿ ಅದೇ ಕಲೆ. “ಚೇಂಬರು ಹಾಕಿಸಿ ಮೂರು ತಿಂಗಳೂ ಆಗಿಲ್ಲ, ಹೊಸದು ಹೀಗೇಕೆ ಸೋರುತ್ತದೆ?” ಎಂದು ನೀವು ಕೇಳುವುದು ಸಹಜ. ಈ ಪ್ರಶ್ನೆಗೆ ಉತ್ತರವನ್ನೂ ಸೋರಿಕೆಯನ್ನು ನಿಲ್ಲಿಸುವ ಕ್ರಮವನ್ನೂ ಇಲ್ಲಿ ತಿಳಿಸಿದೆ.

ಇಂಜಿನ್ನಿನ ತಳದಲ್ಲಿ ಬೋಲ್ಟುಗಳಿಂದ ಬಿಗಿದಿರುವ ತೊಟ್ಟಿಯೇ ಆಯಿಲ್ ಚೇಂಬರು. ಇಂಜಿನ್ನಿನ ಎಣ್ಣೆಯೆಲ್ಲ ಇದರಲ್ಲಿ ನಿಲ್ಲುತ್ತದೆ. ಒಳಗಿನ ಪಂಪು ಒಂದು ಜರಡಿಯ ಮೂಲಕ ಈ ಎಣ್ಣೆಯನ್ನು ಎಳೆದು ಬೇರಿಂಗುಗಳಿಗೆ ಕಳುಹಿಸುತ್ತದೆ. ನಮ್ಮ ಹೊಲದ ದಾರಿಗಳಲ್ಲಿ ಕಲ್ಲು ತಗಲಿ ಚೇಂಬರು ತಗ್ಗಾಗುವುದು, ಒಡೆಯುವುದು ಉಂಟು. ಆಗ ಕಂಪನಿಯ ಸಾಮಾನು ದುಬಾರಿಯೆಂದು ಪೇಟೆಯಲ್ಲಿ ಸಿಗುವ ಬೇರೆ ತಯಾರಿಕೆಯ ಚೇಂಬರನ್ನು ಹಾಕಿಸುತ್ತೇವೆ. ಹಾಗೆ ಮಾಡುವುದು ತಪ್ಪೇನೂ ಅಲ್ಲ. ಆದರೆ ಅದನ್ನು ಪರೀಕ್ಷಿಸದೆ ಹಾಕುವುದು ತಪ್ಪು. ಅಂಚು ಸಮವಾಗಿರದ ಚೇಂಬರಿಗೆ ಎಷ್ಟು ಪೇಸ್ಟು ಬಳಿದರೂ, ಬೋಲ್ಟನ್ನು ಎಷ್ಟು ಬಿಗಿದರೂ ಸೋರಿಕೆ ನಿಲ್ಲುವುದಿಲ್ಲ.

ಸೋರಿಕೆಯಿಂದ ಆಗುವ ನಷ್ಟ

ಹನಿ ಹನಿಗೂಡಿದರೆ ಹಳ್ಳ. ಓಡುವ ಇಂಜಿನ್ನಿನಿಂದ ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 3,600 ಹನಿ. ಸುಮಾರು 24 ಹನಿಗೆ ಒಂದು ಮಿಲಿಲೀಟರು ಎಂದು ಹಿಡಿದರೂ ಗಂಟೆಗೆ 150 ಮಿಲಿಲೀಟರಾಯಿತು. ಏಳು ಗಂಟೆ ಓಡುವಷ್ಟರಲ್ಲಿ ಒಂದು ಲೀಟರು ಹೋಯಿತು. ಗೇಜು ಕಡ್ಡಿಯ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಇರುವ ಅಂತರ ಅನೇಕ ಗಾಡಿಗಳಲ್ಲಿ ಹೆಚ್ಚುಕಡಿಮೆ ಇಷ್ಟೇ. ಎಣ್ಣೆ ಇದಕ್ಕಿಂತ ಕೆಳಗಿಳಿದರೆ ಏರು ದಾರಿಯಲ್ಲಿ ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯುತ್ತದೆ, ಬೇರಿಂಗುಗಳು ಸುಡುತ್ತವೆ. ಒಂದು ಪ್ಯಾಕಿಂಗಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆಗ ಇಡೀ ಇಂಜಿನ್ನನ್ನೇ ಬಿಚ್ಚಬೇಕಾಗುತ್ತದೆ. ಗಾಡಿ ಓಡುವಾಗ ಎಣ್ಣೆಯ ಕೆಂಪು ದೀಪ ಹತ್ತಿಕೊಂಡರೆ ಮನೆಯವರೆಗೆ ಹೋಗೋಣವೆಂದು ಮುಂದುವರಿಯಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ ಇಂಜಿನ್ನನ್ನು ಆರಿಸಿ.

ಮೊದಲು ಮೂಲವನ್ನು ಹುಡುಕಿ

ಚೇಂಬರು ತಳದಲ್ಲಿರುವುದರಿಂದ ಮೇಲೆ ಎಲ್ಲಿ ಸೋರಿದರೂ ಎಣ್ಣೆ ಅದರ ಮೇಲೆಯೇ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದುದರಿಂದ ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ತಿಳಿಯಬೇಡಿ. ಇಂಜಿನ್ನು ಪೂರ್ತಿ ತಣ್ಣಗಾದ ಮೇಲೆ ಅದರ ಬದಿ ಮತ್ತು ತಳವನ್ನು ಸೀಮೆಎಣ್ಣೆ ಇಲ್ಲವೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಚೊಕ್ಕಟ ಮಾಡಿ. ಪೆಟ್ರೋಲನ್ನು ಬಳಸಬೇಡಿ, ಬೆಂಕಿಯ ಭಯವಿದೆ. ಒರೆಸಿದ ಭಾಗಕ್ಕೆ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಬಳಿಕ ಹತ್ತು ಹದಿನೈದು ನಿಮಿಷ ಇಂಜಿನ್ನನ್ನು ನಿಂತಲ್ಲೇ ಓಡಿಸಿ, ಆರಿಸಿ, ಬ್ಯಾಟರಿ ದೀಪದಿಂದ ನೋಡಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾದ ಜಾಗವೇ ಸೋರಿಕೆಯ ಮೂಲ.

ಒದ್ದೆ ಮೇಲಿನ ಟ್ಯಾಪೆಟ್ ಕವರಿನಿಂದ ಇಳಿದಿದ್ದರೆ, ಅಥವಾ ಆಯಿಲ್ ಫಿಲ್ಟರಿನ ಬುಡದಿಂದ ಬಂದಿದ್ದರೆ ಚೇಂಬರನ್ನು ಮುಟ್ಟುವ ಅಗತ್ಯವಿಲ್ಲ. ಇಂಜಿನ್ನೂ ಗೇರ್ ಬಾಕ್ಸೂ ಸೇರುವಲ್ಲಿ ಹನಿ ಬಿದ್ದರೆ ಹಿಂದಿನ ಆಯಿಲ್ ಸೀಲನ್ನೂ ಸಂದೇಹಿಸಬೇಕು. ಎಣ್ಣೆ ಇಳಿಸುವ ಡ್ರೈನ್ ಬೋಲ್ಟಿನಿಂದ ಬಂದಿದ್ದರೆ ಹೊಸ ವಾಷರು ಹಾಕಿದರೆ ಸಾಕಾಗಬಹುದು. ಬ್ರೀದರ್ ಪೈಪನ್ನೂ ಬಿಚ್ಚಿ ನೋಡಿ. ಇಂಜಿನ್ನಿನೊಳಗಿನ ಆವಿ ಹೊರಹೋಗುವ ಈ ದಾರಿ ಜಿಡ್ಡು ಕಟ್ಟಿ ಮುಚ್ಚಿದ್ದರೆ, ಒಳಗಿನ ಒತ್ತಡ ಎಣ್ಣೆಯನ್ನು ಸಂದುಗಳಿಂದ ಹೊರದಬ್ಬುತ್ತದೆ. ಆಗ ಹೊಸ ಪ್ಯಾಕಿಂಗೂ ನಿಲ್ಲದು.

ಬಿಚ್ಚುವಾಗ ಎಚ್ಚರಿಕೆ

ಈ ಕ್ರಮ ಜೀಪು, ಕಾರು ಮತ್ತು ಸಾಮಾನು ಸಾಗಿಸುವ ಚಿಕ್ಕ ಗಾಡಿಗಳಿಗೆ ಸಂಬಂಧಿಸಿದ್ದು. ಟ್ರ್ಯಾಕ್ಟರಿನ ಮಾತು ಬೇರೆ. ಹಲವು ಟ್ರ್ಯಾಕ್ಟರುಗಳಲ್ಲಿ ಈ ತೊಟ್ಟಿ ಎರಕದ ಕಬ್ಬಿಣದ್ದಾಗಿದ್ದು ಗಾಡಿಯ ಭಾರವನ್ನೇ ಹೊತ್ತಿರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚಕೂಡದು. ಕೆಲವು ಕಾರುಗಳಲ್ಲಿಯೂ ಇಂಜಿನ್ನನ್ನು ಎತ್ತದೆ ಚೇಂಬರು ಕೆಳಗಿಳಿಯುವುದಿಲ್ಲ. ಅಂಥ ಕೆಲಸವನ್ನು ಮೆಕ್ಯಾನಿಕ್ಕಿಗೇ ಬಿಡಿ. ಆದರೆ ಮುಂದೆ ಹೇಳುವ ಪರೀಕ್ಷೆಗಳನ್ನು ನಿಮ್ಮ ಕಣ್ಣೆದುರಿನಲ್ಲಿಯೇ ಮಾಡಿಸಿ.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ತಂತಿ ಬಿಚ್ಚಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಎಂದಿಗೂ ನುಗ್ಗಬೇಡಿ. ಇಟ್ಟಿಗೆ, ಸೈಜುಗಲ್ಲುಗಳನ್ನೂ ನಂಬಬೇಡಿ, ಅವು ಭಾರಕ್ಕೆ ಸೀಳಿಬಿಡುತ್ತವೆ. ಗಟ್ಟಿಯಾದ ಕಬ್ಬಿಣದ ಸ್ಟ್ಯಾಂಡುಗಳನ್ನೇ ಇಡಬೇಕು. ಎಣ್ಣೆಯನ್ನು ಪಾತ್ರೆಗೆ ಇಳಿಸಿದ ಮೇಲೆ ಬೋಲ್ಟುಗಳನ್ನು ತೆಗೆಯಿರಿ. ಚೇಂಬರು ಅಂಟಿಕೊಂಡಿದ್ದರೆ ಅಂಚಿಗೆ ಸ್ಕ್ರೂ ಡ್ರೈವರು ಚುಚ್ಚಿ ಮೀಟಬೇಡಿ. ಮರದ ತುಂಡಿಟ್ಟು ಬದಿಯಿಂದ ಮೆಲ್ಲಗೆ ಬಡಿಯಿರಿ.

ನಾಲ್ಕು ಪರೀಕ್ಷೆಗಳು

ಒಂದನೆಯದು, ಅಂಚು. ಉಕ್ಕಿನ ಅಡಿಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ದೀಪ ಹಿಡಿಯಿರಿ. ಬೆಳಕು ತೂರಿಬಂದ ಕಡೆ ತಗ್ಗಿದೆ. ತಗಡಿನ ಚೇಂಬರಿನಲ್ಲಿ ಬೋಲ್ಟಿನ ತೂತಿನ ಸುತ್ತ ಅಂಚು ಉಬ್ಬಿರುವುದು ಸಾಮಾನ್ಯ. ಹಿಂದೆ ಯಾರೋ ಬಲವಾಗಿ ಬಿಗಿದುದರ ಗುರುತು ಅದು. ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು, ಉಬ್ಬಿದ ಕಡೆ ಸಣ್ಣ ಸುತ್ತಿಗೆಯಿಂದ ತಟ್ಟಿ ಸಮಮಾಡಬಹುದು. ಅಲ್ಯೂಮಿನಿಯಂ ಚೇಂಬರನ್ನು ಬಡಿಯಬಾರದು, ಸೀಳುತ್ತದೆ. ಅದು ಸೊಟ್ಟಗಿದ್ದರೆ ಅಂಗಡಿಗೆ ಹಿಂತಿರುಗಿಸಿ.

ಎರಡನೆಯದು, ಬೆಸುಗೆ. ಹೊರಗಿನಿಂದ ಬೆಸುಗೆಯ ಗೆರೆಗಳಿಗೂ ಡ್ರೈನ್ ಬೋಲ್ಟಿನ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಡ್ರೈನ್ ಬೋಲ್ಟು ಹಾಕಿ, ಬೆಸುಗೆ ಮುಳುಗುವಷ್ಟು ಸೀಮೆಎಣ್ಣೆಯನ್ನು ಒಳಗೆ ತುಂಬಿ ಒಂದೆರಡು ಗಂಟೆ ಬಿಡಿ. ಕಣ್ಣಿಗೆ ಕಾಣದ ಸೂಜಿತೂತಿದ್ದರೂ ಸುಣ್ಣದ ಮೇಲೆ ಒದ್ದೆ ಕಲೆ ಮೂಡುತ್ತದೆ.

ಮೂರನೆಯದು, ಆಳ. ಬೇರೆ ತಯಾರಿಕೆಯ ಚೇಂಬರಿನ ಆಳದಲ್ಲಿ ವ್ಯತ್ಯಾಸವಿರಬಹುದು. ಪಂಪಿನ ಜರಡಿ ಬರುವ ಜಾಗದಲ್ಲಿ ಗೋಧಿ ಕಣಕದ ಉಂಡೆಯಿಟ್ಟು, ಪ್ಯಾಕಿಂಗ್ ಸಹಿತ ಚೇಂಬರನ್ನು ನಾಲ್ಕು ಬೋಲ್ಟುಗಳಿಂದ ಕೂರಿಸಿ ಮತ್ತೆ ತೆಗೆಯಿರಿ. ಒತ್ತಿದ ಕಣಕದ ದಪ್ಪ ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರು ಇರಬೇಕು. ತೀರ ಕಡಿಮೆಯಾದರೆ ಎಣ್ಣೆ ಸರಾಗವಾಗಿ ಏರದು, ತೀರ ಹೆಚ್ಚಾದರೆ ಪಂಪು ಗಾಳಿ ಎಳೆದೀತು. ಕಣಕವನ್ನು ಚೂರೂ ಉಳಿಯದಂತೆ ತೆಗೆಯಿರಿ.

ನಾಲ್ಕನೆಯದು, ಮರೆ. ಡ್ರೈನ್ ಬೋಲ್ಟನ್ನು ಬೆರಳಿನಿಂದಲೇ ತಿರುಗಿಸಿ ನೋಡಿ. ಸಲೀಸಾಗಿ ಕೊನೆಯವರೆಗೂ ಹೋಗಬೇಕು. ಮರೆ ಸವೆದಿದ್ದರೆ ಆ ಚೇಂಬರನ್ನು ಕೊಳ್ಳಬೇಡಿ.

ಕೂರಿಸುವ ಕ್ರಮ

ಇಂಜಿನ್ನಿನ ಕಡೆಯ ಅಂಚಿನಿಂದ ಹಳೆಯ ಪ್ಯಾಕಿಂಗನ್ನು ಗೀರು ಬೀಳದಂತೆ ಕೆರೆದು, ಎರಡೂ ಅಂಚುಗಳನ್ನು ಜಿಡ್ಡಿಲ್ಲದಂತೆ ಒರೆಸಿ. ಜಿಡ್ಡಿನ ಮೇಲೆ ಯಾವ ಪೇಸ್ಟೂ ಹಿಡಿಯದು. ಪ್ಯಾಕಿಂಗ್ ಇರುವ ಇಂಜಿನ್ನಾದರೆ ಹೊಸ ಪ್ಯಾಕಿಂಗ್ ಹಾಕಿ, ಬೇರೆ ಬೇರೆ ಭಾಗಗಳು ಕೂಡುವ ಮೂಲೆಗಳಿಗೆ ಮಾತ್ರ ಸಿಲಿಕಾನ್ ಪೇಸ್ಟಿನ ಬೊಟ್ಟಿಡಿ. ಬರೀ ಪೇಸ್ಟಿನಿಂದಲೇ ಕೂರಿಸುವ ಇಂಜಿನ್ನಾದರೆ ಸುಮಾರು 3 ಮಿಲಿಮೀಟರು ದಪ್ಪದ ಒಂದೇ ಎಳೆಯನ್ನು ಎಲ್ಲಿಯೂ ಕಡಿಯದಂತೆ, ಬೋಲ್ಟಿನ ತೂತುಗಳ ಒಳಮಗ್ಗುಲಿನಲ್ಲಿ ಎಳೆಯಿರಿ. ಹೆಚ್ಚು ಬಳಿದರೆ ಹೆಚ್ಚು ಭದ್ರವೆಂದು ತಿಳಿಯಬೇಡಿ. ಒಳಗೆ ಉಕ್ಕಿದ ಪೇಸ್ಟು ತುಂಡಾಗಿ ಬಿದ್ದು ಜರಡಿಯನ್ನು ಮುಚ್ಚುತ್ತದೆ.

ಬೋಲ್ಟುಗಳನ್ನು ಮೊದಲು ಬೆರಳಿನಲ್ಲಿ ಕೂರಿಸಿ. ಬಳಿಕ ನಡುವಿನಿಂದ ಆರಂಭಿಸಿ ಎದುರುಬದಿರಾಗಿ ಹೊರಕ್ಕೆ ಸಾಗುತ್ತಾ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 10 ನಂಬರಿನ ಸ್ಪ್ಯಾನರು ಹಿಡಿಯುವ ಸಣ್ಣ ಬೋಲ್ಟುಗಳಿಗೆ ಸುಮಾರು 1 ಕಿಲೋಗ್ರಾಂ-ಮೀಟರು ಬಿಗಿತ ಸಾಕು. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಟಾರ್ಕ್ ರೆಂಚು ಇಲ್ಲದಿದ್ದರೆ ಗಿಡ್ಡ ಸ್ಪ್ಯಾನರಿನಿಂದ ಮಣಿಕಟ್ಟಿನ ಬಲದಲ್ಲಿ ಬಿಗಿಯಿರಿ. ತೋಳಿನ ಬಲ ಹಾಕಬೇಡಿ, ಹಿಡಿಗೆ ಪೈಪು ತೊಡಿಸಬೇಡಿ. ಪೇಸ್ಟಿನ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಒಳ್ಳೆಯದು. ಆಮೇಲೆ ಪುಸ್ತಕದಲ್ಲಿ ಹೇಳಿದಷ್ಟೇ ಎಣ್ಣೆಯನ್ನು ಅಳೆದು ಹಾಕಿ. ಇಂಜಿನ್ನನ್ನು ಸ್ವಲ್ಪ ಓಡಿಸಿ, ಆರಿಸಿ, ಐದು ನಿಮಿಷ ಬಿಟ್ಟು ಗೇಜು ಕಡ್ಡಿ ನೋಡಿ. ಗುರುತಿಗೂ ಅಳತೆಗೂ ತಾಳೆಯಾಗದಿದ್ದರೆ ಆ ಚೇಂಬರು ನಿಮ್ಮ ಗಾಡಿಯದಲ್ಲ.

ಹಳೆಯ ಎಣ್ಣೆ

ಇಳಿಸಿದ ಎಣ್ಣೆಯನ್ನು ಹೊಲಕ್ಕಾಗಲಿ, ಚರಂಡಿಗಾಗಲಿ, ಬಾವಿಯ ಹತ್ತಿರವಾಗಲಿ ಸುರಿಯಬೇಡಿ. 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯದ ಸಾಲಿಗೆ ಸೇರಿಸಿವೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಪರವಾನಗಿ ಪಡೆದವರಿಗೆ ಒಪ್ಪಿಸುವ ಗ್ಯಾರೇಜಿಗೆ ಕೊಡಿ.

ಎತ್ತಿನ ಕಾಲು ಕುಂಟಿದರೆ ಅಂದೇ ಗೊರಸೆತ್ತಿ ನೋಡುತ್ತೀರಿ. ನಿಮ್ಮ ಗಾಡಿಗೂ ಅಷ್ಟೇ ಗಮನ ಕೊಡಿ. ನಾಳೆ ಅಂಗಳದಲ್ಲಿ ಕಪ್ಪು ಕಲೆ ಕಂಡರೆ ಅದರ ಮೇಲೆ ಮಣ್ಣೆಳೆಯುವ ಮೊದಲು ಗೇಜು ಕಡ್ಡಿಯನ್ನು ಎಳೆದು ನೋಡಿ.