ಹಳೆಯ ಹಾಯಿದೋಣಿ ಮಾರಾಟಕ್ಕಿದೆ

ಮನೆಯನ್ನು ಮಾರಲು ಹೊರಟವರು ಮೊದಲು ಗೋಡೆಗೆ ಸುಣ್ಣ ಬಳಿಸುತ್ತಾರೆ. ಹಳೆಯ ಸ್ಕೂಟರನ್ನು ಮಾರುವವರು ಅದನ್ನು ತೊಳೆದು, ಒರೆಸಿ, ಹೊಳೆಯುವಂತೆ ಮಾಡಿ ಅಂಗಳದಲ್ಲಿ ನಿಲ್ಲಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಸುಣ್ಣದ ಕೆಳಗೆ ಬಿರುಕು ಇದ್ದರೆ? ಮಾರಿದವರು ಹಣ ಎಣಿಸಿಕೊಂಡು ಹೋದ ಮೇಲೆ, ಮೊದಲ ಮಳೆಗೆ ಕೊಂಡವರಿಗೆ ಅದು ಗೊತ್ತಾಗುತ್ತದೆ. ಮನೆ ಸೋರಿದರೆ ಕೆಳಗೆ ಪಾತ್ರೆ ಇಡಬಹುದು. ಸ್ಕೂಟರ್ ನಿಂತುಹೋದರೆ ತಳ್ಳಿಕೊಂಡು ಬರಬಹುದು. ಆದರೆ ದಡ ಕಾಣದ ಕಡಲಿನ ನಡುವೆ ದೋಣಿಯೇ ಸೋರತೊಡಗಿದರೆ ಏನು ಮಾಡುವುದು?

ಹಳೆಯ ಹಾಯಿದೋಣಿಯನ್ನು ದುರಸ್ತಿ ಮಾಡಿ ಮಾರುವ ವ್ಯವಹಾರದಲ್ಲಿ ಈ ಪ್ರಶ್ನೆ ಸದಾ ಇರುತ್ತದೆ. ನಮಗೆ ಅಪರಿಚಿತವಾದ ಈ ವ್ಯಾಪಾರದಲ್ಲಿ ನಾವು ತಿಳಿದುಕೊಳ್ಳಬೇಕಾದ ಸಂಗತಿಗಳು ಬಹಳಷ್ಟಿವೆ.

ತೇಲುವ ಸಂಸಾರ

ಮಂಗಳೂರಿನ ಹಳೆ ಬಂದರಿನವರಿಗೆ ಲಕ್ಷದ್ವೀಪಕ್ಕೆ ಸರಕು ಹೊತ್ತೊಯ್ಯುವ ಮಂಜಿಗಳು ಗೊತ್ತು. ಇಲ್ಲಿ ಹೇಳುತ್ತಿರುವುದು ಅಂತಹ ಸರಕಿನ ದೋಣಿಯ ಬಗ್ಗೆ ಅಲ್ಲ. ಬ್ರಿಟನ್ನಿನ ದಕ್ಷಿಣ ಕರಾವಳಿಯ ಸೌತಾಂಪ್ಟನ್, ಪ್ಲಿಮತ್, ಫಾಲ್ಮತ್ ಮುಂತಾದ ಊರುಗಳ ದೋಣಿತಾಣಗಳಲ್ಲಿ ಮೂವತ್ತು, ನಲವತ್ತು ಅಡಿ ಉದ್ದದ ದೂರಪಯಣದ ಹಾಯಿದೋಣಿಗಳು ಸಾಲುಸಾಲಾಗಿ ನಿಂತಿರುತ್ತವೆ. ಅದರೊಳಗೊಂದು ಪುಟ್ಟ ಅಡುಗೆಮನೆ, ಮಲಗಲು ಹಲಗೆಮಂಚ, ಶೌಚಾಲಯ, ನೀರಿನ ಟ್ಯಾಂಕು, ಪಾತ್ರೆಪಗಡೆ ಇಡುವ ಕಪಾಟು ಎಲ್ಲವೂ ಇರುತ್ತವೆ. ಹಾಯಿದೋಣಿ ಎಂದ ಕೂಡಲೇ ಕೋಟ್ಯಧಿಪತಿಗಳ ನೆನಪಾಗುವುದು ಸಹಜ. ಆದರೆ ಹಳೆಯ ದೋಣಿಗಳನ್ನು ಕೊಳ್ಳುವವರಲ್ಲಿ ನಿವೃತ್ತ ಶಿಕ್ಷಕರು, ಸಣ್ಣ ಉದ್ಯೋಗಸ್ಥರು, ಮಕ್ಕಳೊಂದಿಗೆ ಒಂದೆರಡು ವರ್ಷ ಕಡಲ ಮೇಲೆ ಕಳೆಯಬಯಸುವ ದಂಪತಿಗಳೂ ಇದ್ದಾರೆ. ಕೆಲವರು ಮನೆ ಮಾರಿ ದೋಣಿ ಕೊಳ್ಳುತ್ತಾರೆ. ಮುಪ್ಪು ಬಂದಾಗ, ಹಾಯಿ ಎಳೆಯುವ ತೋಳಿನ ಶಕ್ತಿ ಕುಂದಿದಾಗ ದೋಣಿ ಮಾರಿ ಮತ್ತೆ ಮನೆ ಹುಡುಕುತ್ತಾರೆ. ಹೀಗೆ ಒಂದೇ ದೋಣಿ ಐದಾರು ಕುಟುಂಬಗಳ ಕೈದಾಟುವುದುಂಟು.

ಇದಕ್ಕೆ ಕಾರಣವಿದೆ. ಸುಮಾರು 1960ರ ದಶಕದಿಂದ ಈ ದೋಣಿಗಳನ್ನು ಮರದ ಬದಲು ಫೈಬರ್ ಗ್ಲಾಸಿನಿಂದ ತಯಾರಿಸುವುದು ಹೆಚ್ಚಾಯಿತು. ಮರದಂತೆ ಇದಕ್ಕೆ ಹುಳು ಹಿಡಿಯುವುದಿಲ್ಲ. ಆದ್ದರಿಂದ ಐವತ್ತು ವರ್ಷ ಹಳೆಯ ದೋಣಿಗಳೂ ಇಂದಿಗೂ ನೀರಿನಲ್ಲಿವೆ. ನೆದರ್ಲೆಂಡ್ಸಿನ ಲಾರಾ ಡೆಕ್ಕರ್ ಎಂಬ ಹುಡುಗಿ 2012ರ ಜನವರಿಯಲ್ಲಿ, ತನ್ನ ಹದಿನಾರನೆಯ ವಯಸ್ಸಿನಲ್ಲಿ, ಒಬ್ಬಳೇ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿದ ಪಯಣವನ್ನು ಮುಗಿಸಿದಳು. ಅವಳ 'ಗಪ್ಪಿ' ಹೊಸ ದೋಣಿಯಾಗಿರಲಿಲ್ಲ. ಅದು ಅವಳು ಹುಟ್ಟುವುದಕ್ಕಿಂತ ಎಷ್ಟೋ ಮುಂಚೆ, 1970ರ ದಶಕದಲ್ಲಿ ತಯಾರಾದ ದೋಣಿ. ತಂದೆಯೊಂದಿಗೆ ಸೇರಿ ಅದನ್ನು ದುರಸ್ತಿ ಮಾಡಿಕೊಂಡು ಅವಳು ಹೊರಟಿದ್ದಳು.

ಬಣ್ಣದ ಕೆಳಗೆ ಏನಿದೆ?

ಹುಳು ಹಿಡಿಯದಿದ್ದರೂ ಫೈಬರ್ ದೋಣಿಗೆ ಅದರದ್ದೇ ಆದ ಕಾಯಿಲೆಗಳಿವೆ. ವರ್ಷಗಟ್ಟಲೆ ನೀರಿನಲ್ಲಿದ್ದ ದೋಣಿಯ ಹೊರಪದರದೊಳಗೆ ತೇವ ನುಗ್ಗಿ ಅಲ್ಲಲ್ಲಿ ಬೊಕ್ಕೆಗಳು ಏಳುತ್ತವೆ. ಇದನ್ನು ಸರಿಪಡಿಸಬೇಕಾದರೆ ದೋಣಿಯನ್ನು ದಡಕ್ಕೆತ್ತಿ, ಹೊರಪದರವನ್ನು ಕೆರೆದು ತೆಗೆದು, ಒಳಗಿನ ತೇವ ಸಂಪೂರ್ಣ ಆರುವವರೆಗೆ ಕಾದು, ಮತ್ತೆ ಎಪಾಕ್ಸಿ ಲೇಪಿಸಬೇಕು. ಆರುವುದಕ್ಕೇ ತಿಂಗಳುಗಳು ಬೇಕಾಗಬಹುದು. ಆದರೆ ಬೊಕ್ಕೆಗಳನ್ನು ಉಜ್ಜಿ ಮೇಲೆ ಬಣ್ಣ ಬಳಿಯುವುದಕ್ಕೆ ಒಂದು ವಾರ ಸಾಕು. ನೋಡುವವರ ಕಣ್ಣಿಗೆ ಎರಡೂ ಒಂದೇ!

ಕೂವೆಮರವನ್ನು ಎತ್ತಿ ಹಿಡಿಯುವ ಉಕ್ಕಿನ ತಂತಿಹಗ್ಗಗಳದ್ದೂ ಇದೇ ಕಥೆ. ಹೊರಗೆ ತುಕ್ಕಿಲ್ಲದೆ ಮಿನುಗುತ್ತಿದ್ದರೂ ಅವುಗಳ ಕೊನೆಯ ಬಿಗಿತದೊಳಗೆ ಎಳೆಗಳು ಒಂದೊಂದಾಗಿ ತುಂಡಾಗಿರಬಹುದು. ಹತ್ತು ಹದಿನೈದು ವರ್ಷಗಳಿಗೊಮ್ಮೆ ಇವುಗಳನ್ನು ಬದಲಿಸಬೇಕೆಂದು ವಿಮಾ ಕಂಪೆನಿಗಳು ಸಾಮಾನ್ಯವಾಗಿ ಪಟ್ಟು ಹಿಡಿಯುತ್ತವೆ. ದೋಣಿಯ ತಳದಲ್ಲಿ ಸಮುದ್ರದ ನೀರು ಒಳಬರುವ ನಲ್ಲಿಗಳೂ ಅಷ್ಟೇ ಮುಖ್ಯ. ಹಿತ್ತಾಳೆಯಲ್ಲಿರುವ ಸತುವನ್ನು ಉಪ್ಪುನೀರು ಮೆಲ್ಲನೆ ತಿಂದುಹಾಕುತ್ತದೆ. ಉಳಿಯುವುದು ಗುಲಾಬಿ ಬಣ್ಣಕ್ಕೆ ತಿರುಗಿದ, ಕೈಯಲ್ಲಿ ಪುಡಿಯಾಗುವ ಲೋಹ. ಅಂತಹ ಒಂದು ನಲ್ಲಿ ಮುರಿದರೆ ಇಡೀ ದೋಣಿ ಮುಳುಗಲು ಬಹಳ ಹೊತ್ತು ಬೇಕಾಗಿಲ್ಲ.

ಅಡುಗೆಮನೆಯ ವಿಷಯ ಗೃಹಿಣಿಯರಿಗೆ ಸುಲಭವಾಗಿ ಅರ್ಥವಾದೀತು. ದೋಣಿ ವಾಲಿದಾಗಲೂ ಪಾತ್ರೆ ಚೆಲ್ಲದಂತೆ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಬಿಟ್ಟಿರುತ್ತಾರೆ. ಉರಿಯುವುದು ನಮ್ಮ ಮನೆಗಳಲ್ಲಿರುವಂತಹ ಸಿಲಿಂಡರ್ ಗ್ಯಾಸೇ. ಈ ಗ್ಯಾಸ್ ಗಾಳಿಗಿಂತ ಭಾರವಾದುದು. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಹೋಗಲು ಬಿಡಬಹುದು. ದೋಣಿಯಲ್ಲಿ ಬಾಗಿಲು ಮೇಲಿರುತ್ತದೆ. ಸೋರಿದ ಗ್ಯಾಸ್ ಹೊರಗೆ ಹೋಗಲಾಗದೆ ತಳದಲ್ಲಿ ನೀರಿನಂತೆ ಶೇಖರವಾಗುತ್ತದೆ. ಒಂದು ಕಿಡಿ ಸಾಕು. ಹೀಗಾಗಿ ಸಿಲಿಂಡರನ್ನು ಹೊರಗಡೆ, ತಳದಿಂದ ಸಮುದ್ರಕ್ಕೆ ಗ್ಯಾಸ್ ಇಳಿದುಹೋಗುವ ರಂಧ್ರವಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊಸ ಪರದೆ, ಹೊಸ ಮೆತ್ತೆಗಳಿಂದ ಅಂದವಾಗಿ ಕಾಣುವ ಅಡುಗೆಮನೆಯಲ್ಲಿ ಗ್ಯಾಸಿನ ಕೊಳವೆ ಇಪ್ಪತ್ತು ವರ್ಷ ಹಳೆಯದಿದ್ದರೆ ಆ ಅಂದಕ್ಕೆ ಏನು ಬೆಲೆ?

ಸುತ್ತಿಗೆಯ ಸದ್ದು

ಆದ್ದರಿಂದಲೇ ಅಲ್ಲಿ ಅನುಭವಸ್ಥರು ಕಣ್ಣಂದಾಜಿನಲ್ಲಿ ದೋಣಿ ಕೊಳ್ಳುವುದಿಲ್ಲ. ಬೆಲೆ ಕುದುರಿದ ಮೇಲೆ ಸಾಮಾನ್ಯವಾಗಿ ಶೇಕಡಾ 10ರಷ್ಟು ಮುಂಗಡ ಕೊಡುತ್ತಾರೆ. ನಂತರ ಕೊಳ್ಳುವವನು ತನ್ನ ಖರ್ಚಿನಲ್ಲಿ ಒಬ್ಬ ಸರ್ವೇಯರನ್ನು ಕರೆಸುತ್ತಾನೆ. ದೋಣಿಯನ್ನು ಕ್ರೇನಿನಿಂದ ದಡಕ್ಕೆತ್ತಲಾಗುತ್ತದೆ. ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ತಳವನ್ನೆಲ್ಲ ಮೆಲ್ಲಗೆ ತಟ್ಟುತ್ತಾ ಹೋಗುತ್ತಾನೆ. ನಾವು ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುತ್ತೇವಲ್ಲ, ಹಾಗೆಯೇ! ಗಟ್ಟಿಯಾಗಿದ್ದ ಕಡೆ ಸದ್ದು ಸ್ಪಷ್ಟವಾಗಿರುತ್ತದೆ. ಪದರಗಳು ಬಿಟ್ಟುಕೊಂಡ ಕಡೆ ಮಂಕಾಗುತ್ತದೆ. ತೇವವನ್ನು ಅಳೆಯಲು ಪ್ರತ್ಯೇಕ ಮೀಟರ್ ಇದೆ. ಅವನ ವರದಿಯಲ್ಲಿ ದೊಡ್ಡ ದೋಷ ಕಂಡುಬಂದರೆ ಬೆಲೆ ಇಳಿಸಬಹುದು, ದುರಸ್ತಿಗೆ ಒತ್ತಾಯಿಸಬಹುದು ಅಥವಾ ವ್ಯಾಪಾರವನ್ನೇ ಕೈಬಿಡಬಹುದು.

ಕಾಗದಪತ್ರಗಳೂ ಮುಖ್ಯ. ಬ್ರಿಟನ್ನಿನ ಹಳೆಯ ಪದ್ಧತಿಯಂತೆ ನೋಂದಾಯಿತ ನೌಕೆಯ ಮಾಲಕತ್ವವನ್ನು 64 ಪಾಲುಗಳೆಂದು ಲೆಕ್ಕ ಹಾಕುತ್ತಾರೆ. ಪತಿ ಪತ್ನಿ ತಲಾ 32 ಪಾಲುಗಳ ಒಡೆಯರಾಗಿರಬಹುದು. ಹಾಗಿದ್ದಲ್ಲಿ ಇಡೀ ದೋಣಿಯನ್ನು ಮಾರಲು ಪತ್ನಿಯ ಸಹಿಯೂ ಬೇಕು.

ಇನ್ನು ಕಾನೂನಿನ ಮಾತು. ಇಂಗ್ಲೆಂಡಿನಲ್ಲಿ ವ್ಯಾಪಾರಿಯೊಬ್ಬ ದೋಣಿ ಮಾರಿದರೆ ಅದರ ಗುಣಮಟ್ಟಕ್ಕೆ ಅವನು ಹೊಣೆ. ಆದರೆ ಖಾಸಗಿ ವ್ಯಕ್ತಿ ತನ್ನ ಹಳೆಯ ದೋಣಿಯನ್ನು ಮಾರಿದಾಗ ಅಂತಹ ಖಾತರಿ ತಾನಾಗಿ ಅನ್ವಯಿಸುವುದಿಲ್ಲ. ನೋಡಿ ಕೊಳ್ಳಬೇಕಾದುದು ಕೊಳ್ಳುವವನ ಹೊಣೆ. ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿದರೆ ಮಾತ್ರ 1967ರ ಕಾಯ್ದೆಯೊಂದರ ಪ್ರಕಾರ ಪರಿಹಾರ ಕೇಳಬಹುದು. ಹಾಗಾದರೆ ಕೇಳದೇ ಉಳಿದ ಪ್ರಶ್ನೆಗಳ ಗತಿಯೇನು? ಒಮ್ಮೆ ದೋಣಿ ಬಂಡೆಗೆ ತಗಲಿತ್ತು ಎಂಬುದನ್ನು ಕೊಳ್ಳುವವನು ಕೇಳದಿದ್ದರೆ ಮಾರುವವನು ಸುಮ್ಮನಿರಬಹುದೇ? ಇಲ್ಲಿ ಕಾನೂನು ಮೌನವಾಗುತ್ತದೆ, ಆತ್ಮಸಾಕ್ಷಿ ಮಾತನಾಡಬೇಕಾಗುತ್ತದೆ. ಮಾರುವ ಸರಕಿನ ದೋಷವನ್ನು ಮುಚ್ಚಿಡಬಾರದೆಂಬುದು ನಮಗಂತೂ ಹೊಸ ಪಾಠವಲ್ಲ.

ಮಾರಾಟವಾಗದ ದೋಣಿ

ತನ್ನ ದೋಣಿಯ ದೋಷ ಗೊತ್ತಿರುವುದರ ಬೆಲೆ ಎಷ್ಟೆಂಬುದಕ್ಕೆ 'ಸುಹೈಲಿ'ಯ ಕಥೆ ಒಳ್ಳೆಯ ಉದಾಹರಣೆ. ಈ ದೋಣಿ ನಮ್ಮ ದೇಶದಲ್ಲೇ ಹುಟ್ಟಿದ್ದು. 1960ರ ದಶಕದಲ್ಲಿ ರಾಬಿನ್ ನಾಕ್ಸ್ ಜಾನ್‌ಸ್ಟನ್ ಎಂಬ ಬ್ರಿಟಿಷ್ ಹಡಗು ಅಧಿಕಾರಿ ಮುಂಬೈಯಲ್ಲಿ ಇದನ್ನು ಕಟ್ಟಿಸಿದರು. 32 ಅಡಿ ಉದ್ದದ ಸಾಗುವಾನಿ ಮರದ ದೋಣಿ. ಕಟ್ಟಿದವರು ಕೈಹತಾರಗಳಿಂದಲೇ ಕೆಲಸ ಮಾಡುವ ನಮ್ಮ ಬಡಗಿಗಳು. ಕೊಲ್ಲಿಯ ಅರಬ್ ನಾವಿಕರು ಆಗ್ನೇಯದ ಗಾಳಿಗೆ ಕೊಟ್ಟ ಹೆಸರೇ ಸುಹೈಲಿ.

ಅದರಲ್ಲೇ ಇಂಗ್ಲೆಂಡಿಗೆ ಮರಳಿದ ರಾಬಿನ್, ಎಲ್ಲೂ ನಿಲ್ಲದೆ ಒಂಟಿಯಾಗಿ ಪ್ರಪಂಚ ಸುತ್ತಬೇಕೆಂದು ನಿರ್ಧರಿಸಿದರು. ಅದಕ್ಕೆ ಇನ್ನೂ ದೊಡ್ಡದಾದ ಹೊಸ ದೋಣಿ ಬೇಕೆಂಬುದು ಅವರ ಯೋಚನೆಯಾಗಿತ್ತು. ಸುಹೈಲಿಯನ್ನು ಮಾರಿ ಹಣ ಹೊಂದಿಸಲು ಹೊರಟರು. ಆದರೆ ಮಾರಾಟ ಕೈಗೂಡಲಿಲ್ಲ, ಹೊಸ ದೋಣಿಗೆ ಹಣವೂ ಒದಗಲಿಲ್ಲ. ಕೊನೆಗೆ ಇದ್ದ ದೋಣಿಯನ್ನೇ ಸಜ್ಜುಗೊಳಿಸಿ 1968ರ ಜೂನ್ 14ರಂದು ಫಾಲ್ಮತ್‌ನಿಂದ ಹೊರಟರು.

ದಾರಿಯಲ್ಲಿ ದೋಣಿ ಸೋರತೊಡಗಿತು. ಆದರೆ ಆ ದೋಣಿಯ ದುರ್ಬಲ ಜಾಗ ಯಾವುದೆಂದು ರಾಬಿನ್‌ಗೆ ಗೊತ್ತಿತ್ತು. ಭಾರತದಿಂದ ಬರುವಾಗಲೂ ತಳದ ಸಂದಿಗಳು ತೊಂದರೆ ಕೊಟ್ಟಿದ್ದವು. ಅಟ್ಲಾಂಟಿಕ್ ಸಾಗರದ ನಡುವೆಯೇ ನೀರಿಗಿಳಿದು, ಉಸಿರು ಕಟ್ಟಿ ಮುಳುಗಿ, ಹಲಗೆಗಳ ಸಂದಿಗೆ ಹತ್ತಿ ತುಂಬಿ, ಮೇಲೆ ತಾಮ್ರದ ತಗಡು ಹೊಡೆದರು. 1969ರ ಏಪ್ರಿಲ್ 22ರಂದು ಅವರು ಫಾಲ್ಮತ್‌ಗೆ ಮರಳಿದಾಗ, ಎಲ್ಲೂ ನಿಲ್ಲದೆ ಒಂಟಿಯಾಗಿ ಹಾಯಿದೋಣಿಯಲ್ಲಿ ಪ್ರಪಂಚ ಸುತ್ತಿದ ಮೊದಲ ವ್ಯಕ್ತಿಯಾಗಿದ್ದರು. ಅಂದು ಮಾರಾಟವಾಗದ ಸುಹೈಲಿ ಮುಂದೆ 1997ರಿಂದ 2002ರವರೆಗೆ ಗ್ರೀನ್‌ವಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿತ್ತು. ಒಳಗಿನ ಒಣಹವೆಗೆ ಹಲಗೆಗಳು ಆರಿ ಕುಗ್ಗುವುದನ್ನು ಕಂಡು ರಾಬಿನ್ ಅದನ್ನು ಹೊರತಂದು ಮತ್ತೆ ದುರಸ್ತಿ ಮಾಡಿಸಿ ನೀರಿಗಿಳಿಸಿದರು.

ಆದರೆ ಬೇರೊಬ್ಬರು ಸುಹೈಲಿಯನ್ನು ಕೊಂಡಿದ್ದು, ಸೋರುವ ಸಂದಿಯ ಮಾತನ್ನು ಯಾರೂ ಅವರಿಗೆ ಹೇಳದೇ ಇದ್ದಿದ್ದರೆ?

ಕಾಣದೇ ಉಳಿದ ಬಿರುಕು

ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. 'ಚೀಕಿ ರಫೀಕಿ' ಎಂಬ ನಲವತ್ತು ಅಡಿಯ ಬ್ರಿಟಿಷ್ ಹಾಯಿದೋಣಿ 2014ರ ಮೇ ತಿಂಗಳಲ್ಲಿ ಆಂಟಿಗುವಾ ದ್ವೀಪದಿಂದ ಇಂಗ್ಲೆಂಡಿಗೆ ಮರಳುತ್ತಿತ್ತು. ಅದು ಮಾರಾಟಕ್ಕಿದ್ದ ದೋಣಿಯಲ್ಲ, ಬಾಡಿಗೆಗೆ ಓಡುತ್ತಿದ್ದ ದೋಣಿ. ಅಟ್ಲಾಂಟಿಕ್ ಮಧ್ಯದಲ್ಲಿ ನೀರು ಒಳಬರುತ್ತಿದೆಯೆಂಬ ಸುದ್ದಿ ಬಂತು, ಆಮೇಲೆ ಸಂಪರ್ಕ ಕಡಿದುಹೋಯಿತು. ಎರಡು ದಿನಗಳ ಬಳಿಕ ನಿಲ್ಲಿಸಿದ್ದ ಶೋಧವನ್ನು ಕುಟುಂಬದವರ ಮನವಿಯಿಂದಾಗಿ ಮತ್ತೆ ಆರಂಭಿಸಲಾಯಿತು. ತಲೆಕೆಳಗಾಗಿ ತೇಲುತ್ತಿದ್ದ ದೋಣಿ ಸಿಕ್ಕಿತು. ಅದರ ಜೀವರಕ್ಷಕ ತೆಪ್ಪ ಇದ್ದಲ್ಲೇ ಇತ್ತು, ಬಿಚ್ಚಿಕೊಳ್ಳಲು ಅವರಿಗೆ ಸಮಯವೇ ಸಿಕ್ಕಿರಲಿಲ್ಲ. ನಾಲ್ವರು ನಾವಿಕರು ಮರಳಲೇ ಇಲ್ಲ.

ದೋಣಿ ಮಗುಚದಂತೆ ತಳದಲ್ಲಿ ಕೂಡಿಸುವ ಭಾರವಾದ ಲೋಹದ ಕೀಲ್ ಕಳಚಿಬಿದ್ದಿತ್ತು. ದೋಣಿ ಹಿಂದೆ ಹಲವು ಸಲ ನೆಲಕ್ಕೆ ತಗಲಿತ್ತು, ದುರಸ್ತಿಯೂ ಆಗಿತ್ತು. ಆ ಪೆಟ್ಟುಗಳು ಮತ್ತು ದುರಸ್ತಿಗಳು ಒಟ್ಟಾಗಿ ಕೀಲ್ ಹಿಡಿದಿದ್ದ ಭಾಗವನ್ನು ದುರ್ಬಲಗೊಳಿಸಿರಬಹುದೆಂದು ಬ್ರಿಟನ್ನಿನ ಅಪಘಾತ ತನಿಖಾ ಸಂಸ್ಥೆ 2015ರ ವರದಿಯಲ್ಲಿ ಹೇಳಿತು. ಒಳಗಿನ ಅಂಟು ಬಿಟ್ಟುಕೊಂಡರೆ ಅದು ಹೊರಗಿನಿಂದ ಕಾಣದೇ ಇರಬಹುದು ಎಂಬ ಎಚ್ಚರಿಕೆಯೂ ಅದರಲ್ಲಿತ್ತು. ಕಣ್ಣಿಗೆ ಕಾಣದ ದೋಷದ ಸುಳಿವು ಸಿಗುವುದು ಒಂದೇ ಕಡೆ: ಯಾವಾಗ, ಎಲ್ಲಿ ತಗಲಿತು, ಯಾರು ಸರಿಮಾಡಿದರು ಎಂದು ಬರೆದಿಟ್ಟ ಪುಸ್ತಕದಲ್ಲಿ.

ದೋಣಿಯೊಂದಿಗೆ ಕೊಡಬೇಕಾದ ಪುಸ್ತಕ

ಹೀಗಾಗಿ ಆ ವ್ಯಾಪಾರದಲ್ಲಿ ಪಳಗಿದವರು ಹೊಳೆಯುವ ಬಣ್ಣಕ್ಕಿಂತ ಮಾಸಿದ ನೋಟ್ ಪುಸ್ತಕಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ಎಂಜಿನ್ ಆಯಿಲ್ ಬದಲಿಸಿದ ದಿನ, ತಂತಿಹಗ್ಗದ ರಶೀದಿ, ದುರಸ್ತಿಯ ಮೊದಲು ಮತ್ತು ನಂತರ ತೆಗೆದ ಫೋಟೋ, ಹಿಂದಿನ ಸರ್ವೇಯರನ ವರದಿ ಇವೆಲ್ಲ ಇರುವ ದೋಣಿಯನ್ನು ನಂಬಿ ಕೊಳ್ಳಬಹುದು. ದುರಸ್ತಿಗೆ ಸುರಿದ ಹಣವೆಲ್ಲ ಮಾರಾಟದಲ್ಲಿ ಮರಳಿ ಬರುವುದು ಅಪರೂಪ. ಆದರೆ ಆ ದುರಸ್ತಿಯ ಪ್ರಾಮಾಣಿಕ ದಾಖಲೆ ಇದ್ದರೆ ಒಳ್ಳೆಯ ಗಿರಾಕಿ ಬೇಗ ಸಿಗುತ್ತಾನೆ.

ಸುಹೈಲಿ ಗೆದ್ದ ಅದೇ ಸ್ಪರ್ಧೆಯಲ್ಲಿ ಡೊನಾಲ್ಡ್ ಕ್ರೌಹರ್ಸ್ಟ್ ಎಂಬಾತನೂ ಇದ್ದ. ಪತ್ನಿ ಮತ್ತು ನಾಲ್ಕು ಮಕ್ಕಳ ಸಂಸಾರಸ್ಥ. ಪಯಣ ವಿಫಲವಾದರೆ ದೋಣಿಯನ್ನು ತಾನೇ ಹಣ ಕೊಟ್ಟು ಕೊಳ್ಳಬೇಕೆಂಬ ಕರಾರು ಅವನ ತಲೆಯ ಮೇಲಿತ್ತು. ಅಂದರೆ ದಿವಾಳಿ. ಸಿದ್ಧವಾಗದ ದೋಣಿಯಲ್ಲಿ ಹೊರಟ ಅವನು ಅಟ್ಲಾಂಟಿಕ್‌ನಲ್ಲೇ ಸುತ್ತುತ್ತಾ, ಪ್ರಪಂಚ ಸುತ್ತುತ್ತಿರುವುದಾಗಿ ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳುಹಿಸಿದ. 1969ರ ಜುಲೈಯಲ್ಲಿ ಅವನ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ದೋಣಿಯಲ್ಲಿದ್ದ ಪುಸ್ತಕಗಳಿಂದಲೇ ಸತ್ಯ ಹೊರಬಿತ್ತು. ಗೆದ್ದ ರಾಬಿನ್ ತನಗೆ ಬಂದ 5,000 ಪೌಂಡುಗಳ ಬಹುಮಾನವನ್ನು ಕ್ರೌಹರ್ಸ್ಟ್‌ನ ಕುಟುಂಬಕ್ಕೆ ಕೊಟ್ಟರು. ದೋಣಿ ಮಾತ್ರ ಮಾರಾಟವಾಗಿ, ಕೈಬದಲಾಗುತ್ತಾ, ಕೊನೆಗೆ ಕೆರಿಬಿಯನ್‌ನ ಕೇಮನ್ ಬ್ರಾಕ್ ದ್ವೀಪದ ದಡದಲ್ಲಿ ಶಿಥಿಲವಾಯಿತು.

ನಮ್ಮಲ್ಲಿ ಹಾಯಿದೋಣಿ ಕೊಳ್ಳುವವರು ವಿರಳ. ಆದರೆ ಹಳೆಯ ಕಾರು, ಹಳೆಯ ಫ್ರಿಜ್, ಹಳೆಯ ಮನೆ ಕೈಬದಲಾಗುವುದು ದಿನನಿತ್ಯದ ಮಾತು. ಕೊಳ್ಳುವಾಗ ಹೊಳಪನ್ನು ನೋಡುವುದರೊಂದಿಗೆ ಒಂದು ಪ್ರಶ್ನೆ ಕೇಳೋಣ: "ಇದರಲ್ಲಿ ಏನೇನು ಕೆಟ್ಟಿತ್ತು, ಯಾರು ಸರಿಮಾಡಿದರು?" ಮಾರುವಾಗ ಆ ಪ್ರಶ್ನೆಯನ್ನು ಕೇಳುವ ಮೊದಲೇ ಉತ್ತರ ಹೇಳೋಣ. ಬ್ರೇಕ್ ಸರಿಯಿಲ್ಲದ ಸ್ಕೂಟರಿನಲ್ಲಿ ನಾಳೆ ಶಾಲೆಗೆ ಹೋಗುವುದು ಯಾರದೋ ಮನೆಯ ಮಗುವಲ್ಲವೇ?