ಟಿಕೆಟ್ ಒಬ್ಬರದು, ವಿಮಾನ ಇನ್ನೊಬ್ಬರದು!

ಮದುವೆ ದಿಬ್ಬಣಕ್ಕೆ ಬಸ್ಸು ಗೊತ್ತು ಮಾಡಿದವರಿಗೆ ಈ ಸಂಗತಿ ಹೊಸದಲ್ಲ. ಮಾತಾಡಿದ್ದು ಒಬ್ಬ ಮಾಲಿಕರ ಹತ್ತಿರ, ಬೆಳಿಗ್ಗೆ ಅಂಗಳಕ್ಕೆ ಬಂದು ನಿಂತದ್ದು ಇನ್ನೊಬ್ಬರ ಬಸ್ಸು. ಕೇಳಿದರೆ, 'ಎಲ್ಲ ಒಂದೇ ಮಾರಾಯ್ರೆ, ಹತ್ತಿ' ಎಂಬ ಉತ್ತರ. ವಿಮಾನದಲ್ಲೂ ಇದೇ ನಡೆಯುತ್ತದೆ ಅಂದ್ರೆ ನಂಬುತ್ತೀರಾ?

2025ರ ಜುಲೈಯಲ್ಲಿ ಇಂಡಿಗೋ ಕಂಪೆನಿ ಮುಂಬಯಿಯಿಂದ ಮ್ಯಾಂಚೆಸ್ಟರಿಗೂ ಆಮ್‌ಸ್ಟರ್‌ಡಾಮಿಗೂ ಹಾರಾಟ ಶುರು ಮಾಡಿತು. ನಮ್ಮೂರ ಮಕ್ಕಳು ಓದಿಗೆ, ನೌಕರಿಗೆ ಅಂತ ಹೋಗುವ ದಿಕ್ಕು ಅದು. ಟಿಕೆಟ್ ಇಂಡಿಗೋದ್ದು; ವಿಮಾನ ಮಾತ್ರ ನಾರ್ವೆಯ ನಾರ್ಸ್ ಅಟ್ಲಾಂಟಿಕ್ ಕಂಪೆನಿಯ ಬೋಯಿಂಗ್ 787. ಅದಕ್ಕೂ ಮೊದಲು, 2023ರಲ್ಲಿ, ದೆಹಲಿ–ಇಸ್ತಾಂಬುಲ್ ದಾರಿಗೆ ಟರ್ಕಿಷ್ ಏರ್‌ಲೈನ್ಸಿನ 777 ಬಂದಿತ್ತು.

ಇದಕ್ಕೆ 'ವೆಟ್ ಲೀಸ್' ಅನ್ನುತ್ತಾರೆ. ಹಸಿ ಬಾಡಿಗೆ ಅನ್ನಿ ಬೇಕಾದರೆ. ವಿಮಾನ, ಸಿಬ್ಬಂದಿ, ರಿಪೇರಿ, ವಿಮೆ ನಾಲ್ಕೂ ಬಾಡಿಗೆಗೆ ಕೊಟ್ಟವರದು. ಇಂಧನ, ನಿಲ್ದಾಣದ ಶುಲ್ಕ, ಟಿಕೆಟ್ ಮಾರಾಟ ತೆಗೆದುಕೊಂಡವರದು. ಪೈಲಟ್ ಅವರು, ಗಗನಸಖಿಯರು ಇವರು ಎಂಬ ನಡುವಿನ ಏರ್ಪಾಡೂ ಉಂಟು. ಇದೆಲ್ಲ ಕಾನೂನುಬದ್ಧವೇ, ಕಳ್ಳ ವ್ಯವಹಾರ ಅಲ್ಲ. ಸ್ವಂತ ವಿಮಾನ ಎಂಜಿನ್ ರಿಪೇರಿಗೆ ನಿಂತಾಗ, ಹೊಸದು ಬರುವುದು ತಡವಾದಾಗ ದೊಡ್ಡ ದೊಡ್ಡ ಕಂಪೆನಿಗಳೇ ಹೀಗೆ ಮಾಡುತ್ತವೆ.

ಹಾಗಾದರೆ ಪ್ರಯಾಣಿಕನಿಗೇನು? ಮೊದಲನೆಯದು, ಟಿಕೆಟ್ಟಿನ ಸಣ್ಣ ಅಕ್ಷರ ಓದಬೇಕು. 'ಆಪರೇಟೆಡ್ ಬೈ' ಅಂತ ಒಂದು ಸಾಲು ಇರುತ್ತದೆ. ಯಾರ ವಿಮಾನ ಎಂಬುದು ಅಲ್ಲೇ ಗೊತ್ತಾಗುವುದು. ಯುರೋಪಿನಲ್ಲಿ ಇದನ್ನು ಹೇಳಲೇಬೇಕು ಅಂತ 2005ರಲ್ಲೇ ಕಾನೂನು ಆಗಿದೆ. ಸೀಟಿನ ಜೋಡಣೆ, ಊಟ ಎಲ್ಲ ಬೇರೆ ಇರಬಹುದು. ದುಡ್ಡು ಹೆಚ್ಚು ಕೊಟ್ಟು ಕಿಟಕಿ ಸೀಟು ಹಿಡಿದವರು ಹೊರಡುವ ಮುನ್ನ ಇನ್ನೊಮ್ಮೆ ನೋಡಿಕೊಳ್ಳಿ.

ತಡವಾದರೆ ಯಾರ ಕುತ್ತಿಗೆ ಹಿಡಿಯುವುದು? ಹ್ಯಾಂಬರ್ಗಿನಿಂದ ಕ್ಯಾನ್‌ಕೂನ್‌ಗೆ ಹೊರಟ ಜನ ಇದಕ್ಕಾಗಿ ಕೋರ್ಟು ಹತ್ತಿದ್ದರು. ಟಿಕೆಟ್ ಟುಯಿಫ್ಲೈ ಕಂಪೆನಿಯದು, ಹಾರಿಸಿದ್ದು ಥಾಮ್ಸನ್. ಕಾಗದದಲ್ಲಿ ಥಾಮ್ಸನ್ ಹೆಸರಿದೆಯಲ್ಲ ಅಂತ ಅದರ ಮೇಲೇ ಪರಿಹಾರ ಕೇಳಿದರು. 2018ರ ಜುಲೈಯಲ್ಲಿ ಯುರೋಪಿನ ನ್ಯಾಯಾಲಯ, ಬಾಡಿಗೆಗೆ ಕೊಟ್ಟವರು ಹೊಣೆಯಲ್ಲ, ಹಾರಾಟ ಯಾರದೋ ಅವರೇ ಹೊಣೆ ಅಂದುಬಿಟ್ಟಿತು. ಯುರೋಪಿನ ಆ ಪರಿಹಾರ ಕೇಳುವವರು ಅರ್ಜಿಯನ್ನು ಸರಿಯಾದ ಬಾಗಿಲಿಗೇ ಕೊಡಬೇಕು. ಸಾವುನೋವಿನ ಮಾತು ಬೇರೆ. 2009ರಲ್ಲಿ ಭಾರತ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಟಿಕೆಟ್ ಮಾರಿದವರನ್ನೂ ಹಾರಿಸಿದವರನ್ನೂ ಕೇಳಬಹುದು.

ಸಾವುನೋವು ಅಂದಾಗ 1991ರ ಜೆಡ್ಡಾ ದುರಂತ ಹೇಳದೆ ಬಿಡುವಂತಿಲ್ಲ. ಹಜ್ ಮುಗಿಸಿ ಸೊಕೊಟೊ ಊರಿಗೆ ಹೊರಟ ನೈಜೀರಿಯಾದ 247 ಮಂದಿ. ಹೆಸರು ನೈಜೀರಿಯಾ ಏರ್‌ವೇಸ್; ವಿಮಾನ ಮತ್ತು 14 ಸಿಬ್ಬಂದಿ ಕೆನಡಾದ ನೇಷನೇರ್ ಕಂಪೆನಿಯವರು. ಎರಡು ಟಯರಿನಲ್ಲಿ ಗಾಳಿ ಕಮ್ಮಿ ಇದೆ ಅಂತ ಮೆಕ್ಯಾನಿಕ್ಕಿಗೆ ಗೊತ್ತಿತ್ತು. ತುಂಬಲು ನೈಟ್ರೋಜನ್ ಕೈಗೆ ಸಿಗಲಿಲ್ಲ, ಹೊರಡುವುದು ತಡವಾಗಬಾರದು ಅಂತ ಮೇಲಿನವರ ಒತ್ತಡ. ಓಡುವಾಗಲೇ ಟಯರು ಸಿಡಿದು ಬೆಂಕಿ ಹತ್ತಿತು. ಗೊತ್ತಿಲ್ಲದೆ ಉರಿಯುವ ಚಕ್ರವನ್ನು ಒಳಕ್ಕೆ ಎಳೆದುಕೊಂಡರು. ಉಳಿದವರು ಒಬ್ಬರೂ ಇಲ್ಲ, 261 ಜನ. ಹಜ್ ವಿಮಾನ ನಮ್ಮ ಮಂಗಳೂರಿನಿಂದಲೂ ಹಾರಿದ್ದುಂಟು. ಆ ಯಾತ್ರಿಕರಲ್ಲಿ ಎಷ್ಟು ಮಂದಿಗೆ 'ಈ ವಿಮಾನ ಯಾರದು' ಅಂತ ಕೇಳುವ ಧೈರ್ಯ ಇದ್ದೀತು?

ಇನ್ನು ಚಾರ್ಟರ್. ಇಡೀ ವಿಮಾನವನ್ನೇ ಒಬ್ಬರು ಗೊತ್ತು ಮಾಡಿ ಸೀಟು ಹಂಚುವುದು. ರೇಟು ಕಡಿಮೆ ಬೀಳುತ್ತದೆ, ನಿಜ. ಆದರೆ ಇವತ್ತಿನದು ಕೆಟ್ಟರೆ ನಾಳೆ ಅದೇ ಹೊತ್ತಿಗೆ ಇನ್ನೊಂದು ಬರುತ್ತದೆ ಎಂಬ ಭರವಸೆ ಇಲ್ಲ. 2019ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಥಾಮಸ್ ಕುಕ್ ಮುಳುಗಿತು. (ನಮ್ಮ ದೇಶದ ಥಾಮಸ್ ಕುಕ್ ಬೇರೆ ಕಂಪೆನಿ, ಗಾಬರಿ ಬೇಡ.) ಗೋವಾಕ್ಕೆ ಜನ ತರುತ್ತಿದ್ದ ಕಂಪೆನಿ ಅದು. ಹೊರದೇಶದಲ್ಲಿ ಸಿಕ್ಕಿಬಿದ್ದ ಒಂದೂವರೆ ಲಕ್ಷ ಬ್ರಿಟಿಷರನ್ನು ಅಲ್ಲಿನ ಸರ್ಕಾರವೇ ವಿಮಾನ ಬಾಡಿಗೆಗೆ ಹಿಡಿದು ಮನೆ ಸೇರಿಸಿತು. ನಮ್ಮಲ್ಲಿ ಅಂಥ ರಕ್ಷಣಾ ನಿಧಿ ಇಲ್ಲ. ವಿಮೆ ಮಾಡಿಸುವಾಗ ಕಂಪೆನಿ ದಿವಾಳಿಯಾದರೆ ಹಣ ಬರುತ್ತದೆಯೇ ಅಂತ ಬಾಯಿಬಿಟ್ಟು ಕೇಳಿ.

ಏಜೆಂಟರು 'ಸ್ಪೆಷಲ್ ವಿಮಾನ ಉಂಟು, ವೀಸಾ ಚಿಂತೆ ಬೇಡ' ಅಂದರಂತೂ ಎರಡು ಸಲ ಯೋಚಿಸಿ. 2023ರ ಡಿಸೆಂಬರಿನಲ್ಲಿ ದುಬೈ ಹತ್ತಿರದ ಫುಜೈರಾದಿಂದ ನಿಕರಾಗುವಾಕ್ಕೆ ಹೊರಟ ರುಮೇನಿಯಾ ಕಂಪೆನಿಯ ಚಾರ್ಟರ್ ವಿಮಾನ ಇಂಧನಕ್ಕೆ ಅಂತ ಫ್ರಾನ್ಸಿನ ವಾಟ್ರಿಯಲ್ಲಿ ಇಳಿಯಿತು. ಮಾನವ ಸಾಗಣೆಯ ಶಂಕೆ ಮೇಲೆ ಪೊಲೀಸರು ತಡೆದರು. ಒಳಗಿದ್ದದ್ದು 303 ಜನ, ಹೆಚ್ಚಿನವರು ಭಾರತೀಯರು. ವಿಮಾನ ನಿಲ್ದಾಣದ ಹಾಲಿನಲ್ಲೇ ದಿನಗಟ್ಟಲೆ ಮಲಗಿ, ಡಿಸೆಂಬರ್ 26ರ ಬೆಳಗಿನ ಜಾವ 276 ಮಂದಿ ಅದೇ ವಿಮಾನದಲ್ಲಿ ಮುಂಬಯಿಗೆ ಬಂದಿಳಿದರು. ಹೊರಗೆ ಬಂದವರು ಮುಖ ಮುಚ್ಚಿಕೊಂಡು, ಪತ್ರಕರ್ತರಿಗೆ ಒಂದು ಮಾತೂ ಆಡದೆ ಹೋದರು.